ನಾಲ್ಕು ಬಾಲು, ಒಂದು ಬಾಕ್

ದೈಹಿಕ ಶಿಕ್ಷಕ ಗಣಪತಿಯವರು ಶಾಲೆಯ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡದ್ದೇ ಎಲ್ಲಕ್ಕೂ ಕಾರಣ. ಕೊಪ್ಪದಲ್ಲಿ ಹುಡುಗಿಯರ ಬೇಸ್‌ಬಾಲ್ ಪಂದ್ಯ. ಅಂಪೈರ್ ಕೆಲಸ ಕನ್ನಡ ಮೇಷ್ಟ್ರು ಸುಂದರೇಶರ ಹೆಗಲಿಗೆ ಬಿತ್ತು. ಸಂಧಿ ಸಮಾಸ ಬಿಟ್ಟರೆ ಬೇರೆ ನಿಯಮ ಅರಿಯದ ಅವರು ಕಮ್ಮರಡಿಯಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಮೊಬೈಲಿನಲ್ಲಿ ಓದಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡರು.

ಆಟ ಅವರದೇ ಶಾಲೆಗೂ ಎನ್.ಆರ್. ಪುರದ ತಂಡಕ್ಕೂ. ಚೆಂಡೆಸೆಯುವ ಪಿಚರ್ ಅವರ ಹತ್ತನೇ ತರಗತಿಯ ಕುಸುಮಾ. ಅವಳ ಅಪ್ಪ ಬೂತಪ್ಪ ತೋಟದ ಕೆಲಸ ಬಿಟ್ಟು ಬಂದು ಬೇಲಿಗೊರಗಿ ನಿಂತಿದ್ದ.

ಮೊದಲ ಎಸೆತ ಬ್ಯಾಟಿನಿಂದ ಮಾರು ದೂರ ಹೋಯಿತು. "ಬಾಲ್" ಎಂದರು ಸುಂದರೇಶ್.

"ಬಾಲ್ ಅಲ್ದೆ ತೆಂಗಿನಕಾಯಾ ಸಾರ್?" ಎಂದರು ಊರೂರಿನ ಕ್ರಿಕೆಟ್ಟಿಗೆ ಅಂಪೈರಾಗಿ ಪಳಗಿದ್ದ ಮರುಳಸಿದ್ದಪ್ಪ. "ಅದು ವೈಡು. ಎರಡೂ ಕೈ ಅಗಲಿಸಿ."

"ಇದ್ರಲ್ಲಿ ಆಚೀಚೆ ಹೋದ ಎಸೆತಕ್ಕೆ ಬಾಲ್ ಅಂತಾರೆ. ನಾಲ್ಕಾದ್ರೆ ಬ್ಯಾಟಿನವಳು ಹೊಡೀದೇ ಮೊದಲ ಬೇಸಿಗೆ ಹೋಗ್ಬಹುದು."

"ಹೊಡೀದೇ ಹೋಗೋದು ಎಂತ ಆಟ ಮಾರಾಯ್ರೆ?" ಎಂದ ಬೂತಪ್ಪ.

ಮುಂದಿನ ಎಸೆತ ನೇರ ಬಂತು. ಬ್ಯಾಟಿನವಳು ಬೀಸಿ ತಪ್ಪಿದಳು. "ಸ್ಟ್ರೈಕ್" ಎಂದು ಸುಂದರೇಶ್ ಕೂಗಿದ್ದೇ ತಡ, ಮೊಮ್ಮಗಳ ಆಟ ನೋಡಲು ಬಂದಿದ್ದ ಪುಟ್ಟಕ್ಕ ಚೀಲ ಎತ್ತಿಕೊಂಡರು.

"ಸ್ಟ್ರೈಕಂತೆ, ಇನ್ನು ಬಸ್ ಸಿಗೂದಿಲ್ಲ."

ಎಂಟು ಹತ್ತು ಹೆಂಗಸರು ಅವರ ಹಿಂದೆಯೇ ಹೊರಟರು. ಆಟ ನಿಲ್ಲಿಸಿ, ಅಂಪೈರಿನ ಮುಖದ ಜಾಲರಿಯ ಸಮೇತ ರಸ್ತೆವರೆಗೆ ಓಡಿ ಸುಂದರೇಶ್ ಆ ಹೆಂಗಸರನ್ನು ಕರೆತಂದಾಗ, ಗೂಡಿನಿಂದ ತಪ್ಪಿಸಿಕೊಂಡ ಕೋಳಿ ಹಿಡಿದವರಂತೆ ಏದುಸಿರು ಬಿಡುತ್ತಿದ್ದರು.

ಕೊನೆಯ ಸರದಿ. ಎರಡೂ ಕಡೆ ಐದೈದು ರನ್. ಎನ್.ಆರ್. ಪುರದ ಶಿವಾನಿ ಮೂರನೇ ಬೇಸಿನಲ್ಲಿದ್ದಾಳೆ; ಅವಳು ಮನೆ, ಅಂದರೆ ಬ್ಯಾಟಿನವಳು ನಿಲ್ಲುವ ಕೊನೆಯ ಬೇಸ್, ಮುಟ್ಟಿದರೆ ಅವರಿಗೇ ಗೆಲುವು. ಕುಸುಮಾ ಎಸೆಯುವ ಜಾಗದ ಪಟ್ಟಿಯ ಮೇಲೆ ಕಾಲಿಟ್ಟು ಕೈ ಬೀಸತೊಡಗಿದಳು.

"ಕುಸುಮಾ, ಗಟ್ಟಿ ಹಾಕು," ಎಂದು ಬೂತಪ್ಪ ಕೂಗಿದ.

ಅವಳು ಕೈ ತಡೆದು ಅಪ್ಪನತ್ತ ನೋಡಿದಳು.

ಸುಂದರೇಶರಿಗೆ ಬಸ್ಸಿನಲ್ಲಿ ಓದಿದ್ದು ನೆನಪಾಯಿತು. ತೊಡಗಿದ ಎಸೆತವನ್ನು ನಡುವೆ ನಿಲ್ಲಿಸಿದರೆ ಬಾಕ್. ಬೇಸಿನಲ್ಲಿದ್ದವರಿಗೆಲ್ಲ ಒಂದು ಬೇಸ್ ಮುಂದಕ್ಕೆ. ಅಲ್ಲಿ ಯಾರಿಗೂ ಅದು ಗೊತ್ತಿದ್ದಂತಿರಲಿಲ್ಲ. ಸುಮ್ಮನಿದ್ದರೆ ತಮ್ಮ ಮಕ್ಕಳು ಉಳಿಯುತ್ತಾರೆ.

"ಬಾಕ್," ಎಂದರು. ಶಿವಾನಿ ನಡೆದುಕೊಂಡೇ ಬಂದು ಪಂದ್ಯ ಗೆದ್ದಳು.

ಕಮ್ಮರಡಿಯವರೆಲ್ಲ ಸುಂದರೇಶರನ್ನು ಮುತ್ತಿಕೊಂಡರು. ಕುಸುಮಾ ನುಗ್ಗಿ ಬಂದಳು. "ನಾನು ನಿಲ್ಸಿದ್ದು ಹೌದು. ಸಾರ್ ಹೇಳಿದ್ದು ಸರಿ."

ಗುಂಪು ಕರಗಿತು. ಆಟ ನೋಡುತ್ತಿದ್ದ ಜಿಲ್ಲಾ ತಂಡದ ತರಬೇತುದಾರ ಷಡಕ್ಷರಿ ಹತ್ತಿರ ಬಂದರು. "ಈ ಹುಡುಗಿ ಕೈಲಿ ಒಳ್ಳೆ ವೇಗ ಇದೆ. ಸೋತ್ರೂ ಜಿಲ್ಲಾ ತಂಡಕ್ಕೆ ಇವಳ ಹೆಸರು ಬರ್ಕೊಂಡಿದೀನಿ. ತಿಂಗಳಿಡೀ ಅಭ್ಯಾಸ ಆಗ್ಬೇಕು."

ಕುಸುಮಾಳ ಮುಖ ಅರಳಿತು. ಸುಂದರೇಶರ ಎದೆಯೂ ಹಗುರಾಯಿತು. ಅಷ್ಟರಲ್ಲಿ ಬೂತಪ್ಪ ದಾಪುಗಾಲಿಡುತ್ತ ತಮ್ಮತ್ತಲೇ ಬರುವುದು ಕಂಡು ಎರಡು ಹೆಜ್ಜೆ ಹಿಂದೆ ಸರಿದರು.

ಅವನು ಹೊಡೆಯಲಿಲ್ಲ. ಎರಡೂ ಕೈ ಚಾಚಿ ತೋರಿಸಿದ. ಹತ್ತು ಬೆರಳೂ ಬಾಳೆಹಣ್ಣಿನ ಹಾಗೆ ಊದಿದ್ದವು.

"ಇಷ್ಟು ದಿನ ಇವಳ ಚೆಂಡು ಹಿಡೀತಿದ್ದದ್ದು ನಾನು ಸಾರ್. ನಂಗೆ ನಿಯಮ ಗೊತ್ತಿಲ್ಲ, ನಿಮಗೆ ಎಲ್ಲಾ ಗೊತ್ತುಂಟು. ನಾಳೆ ಬೆಳಿಗ್ಗೆ ಆರಕ್ಕೆ ಕರ್ಕೊಂಡು ಬತ್ತೆ. ಚೆಂಡು ಹಿಡಿಯೋಕೆ ಎದುರಿಗೆ ನೀವೇ ಕೂತ್ಕಳಿ."