ಹಡಗು ಹತ್ತುವ ತಿಂಗಳು

ಬೀಜದ ಕಂಪನಿಯ ಅಮರೇಶನ ಫೋನು ಬಂದಾಗ ಯರ್ರಿಸ್ವಾಮಿ ಹಲ್ಲುಜ್ಜುತ್ತಿದ್ದ. ಆಗಸ್ಟ್ ತಿಂಗಳ ಕೊನೆ, ಬೆಳಗಿನ ಎಂಟೂವರೆ.

"ಸರ್, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ತಾಲೂಕಿಗೆ ನಿಮ್ಮ ಅಂಗಡಿನೇ ಫಸ್ಟ್ ಬಂದೈತ್ರಿ. ಮೆಕ್ಕೆಜೋಳದ ಬೀಜ ನಿಮ್ಮಷ್ಟು ಯಾರೂ ಮಾರಿಲ್ಲ. ಇಬ್ಬರಿಗೆ ಲಕ್ಷದ್ವೀಪಕ್ಕ ಹಡಗಿನ ಪ್ರಯಾಣ. ಐದು ದಿನ. ಊಟ, ನಿದ್ದಿ ಎಲ್ಲಾ ಹಡಗಿನಾಗ, ದಿನಕ್ಕೊಂದು ದ್ವೀಪ."

ಬಾಯಿ ತುಂಬ ನೊರೆಯಿದ್ದುದರಿಂದ ಯರ್ರಿಸ್ವಾಮಿಗೆ "ಹ್ಞೂಂ" ಎನ್ನುವುದಷ್ಟೇ ಸಾಧ್ಯವಾಯಿತು.

"ಯಾವ ತಿಂಗಳು ಅನ್ನೋದು ನಿಮಗ ಬಿಟ್ಟದ್ದು. ಆದ್ರ ಇವತ್ತು ಸಂಜಿ ಐದರೊಳಗ ಹೇಳಬೇಕ್ರಿ. ಇಲ್ಲಂದ್ರ ಎರಡನೇ ನಂಬರ್ ಬಂದೋರಿಗೆ ಹೋಗ್ತೈತಿ. ಕೂಡ್ಲಿಗಿ ಶ್ರೀನಾಥ ಅವರಿಗೆ."

ಶ್ರೀನಾಥನ ಹೆಸರು ಕಿವಿಗೆ ಬಿದ್ದದ್ದೇ ಯರ್ರಿಸ್ವಾಮಿ ನೊರೆಯನ್ನು ನುಂಗಿಬಿಟ್ಟ. ಹೋದ ಮೂರು ವರ್ಷ ಶ್ರೀನಾಥನೇ ಫಸ್ಟ್ ಬಂದು ಒಮ್ಮೆ ಮಿಕ್ಸಿ, ಒಮ್ಮೆ ಫ್ರಿಜ್ಜು, ಒಮ್ಮೆ ಗೋವಾ ಗೆದ್ದಿದ್ದ. ಗೋವಾದಲ್ಲಿ ಕರಿ ಕನ್ನಡಕ ಹಾಕಿಕೊಂಡು ತೆಗೆಸಿದ ಫೋಟೋವನ್ನು ವರ್ತಕರ ವಾಟ್ಸಾಪ್ ಗುಂಪಿಗೆ ಇವತ್ತಿಗೂ ಹಬ್ಬಕ್ಕೊಮ್ಮೆಯಂತೆ ಹಾಕುತ್ತಿದ್ದ.

ಯರ್ರಿಸ್ವಾಮಿ ಹಾಗೆಲ್ಲ ಮೆರೆಯುವ ಪೈಕಿಯಲ್ಲ. ಬೀಜದ ಪಾಕೀಟಿನ ಹಿಂದೆ ಅಚ್ಚು ಹಾಕಿದ್ದನ್ನು ಕೊನೆಯ ಸಾಲಿನವರೆಗೆ ರೈತರಿಗೆ ಓದಿ ಹೇಳದೆ ಬೀಜ ಕೊಡುವವನಲ್ಲ. ಅಂಗಡಿಯ ಬೀಗವನ್ನು ಮೂರು ಸಲ ಜಗ್ಗಿ ನೋಡಿ, ಅರ್ಧ ದಾರಿಯಿಂದ ತಿರುಗಿ ಬಂದು ನಾಲ್ಕನೆಯ ಸಲ ಜಗ್ಗುವವನು. ಆದರೆ ಇವತ್ತು ಅವನ ಎದೆ, ಗಾಳಿ ತುಂಬಿದ ಟ್ರ್ಯಾಕ್ಟರ್ ಟೈರಿನಂತೆ ಬಿಗಿದುಕೊಂಡಿತ್ತು.

ಅಡುಗೆಮನೆಯಲ್ಲಿ ಹೆಂಡತಿ ಪುಷ್ಪಲತಾ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ಕೇಳಿ ಅವಳ ಕೈ ಒಂದು ಗಳಿಗೆ ನಿಂತಿತು.

"ಚಲೋ ಆತು ಬಿಡ್ರಿ. ನಿಮಗ ಯಾವ ತಿಂಗಳು ಪುರಸೊತ್ತು ಐತಿ?"

"ಹಂಗ ಬಾಯಿಗೆ ಬಂದ ತಿಂಗಳು ಹೇಳಾಕ ಬರ್ತೈತೇನು? ಸಮುದ್ರದ ಮಾತು ಅದು. ನಾಕು ಮಂದಿ ತಿಳದೋರನ್ನ ಕೇಳಬೇಕು."

"ನಾ ಒಂದು ಹೇಳ್ಲೇನು?"

"ನಿನಗೇನು ಗೊತ್ತೈತಿ ಸಮುದ್ರ?"

"ನಿಮಗ?"

ಯರ್ರಿಸ್ವಾಮಿ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. ಅವನೂ ತುಂಗಭದ್ರಾ ಡ್ಯಾಮಿನ ಹಿನ್ನೀರಿಗಿಂತ ದೊಡ್ಡ ನೀರನ್ನು ಕಂಡವನಲ್ಲ. ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ತಾಯಿ ಮೈಲಮ್ಮ ಅಲ್ಲಿಂದಲೇ ಅಂದಳು:

"ಸಪ್ಟಂಬರ್ ಮಾತ್ರ ಬ್ಯಾಡಪ್ಪ ನಿನಗ. ಪಿತೃಪಕ್ಷ ಬರ್ತೈತಿ. ನಿಮ್ಮಪ್ಪ ಎಡಿ ಉಣ್ಣಾಕ ಬಂದಾಗ ಮಗ ಮನ್ಯಾಗ ಇಲ್ಲಂದ್ರ ಅವ ಎಲ್ಲಿಗೆ ಹೋಗಬೇಕು? ಲಕ್ಷದ್ವೀಪಕ್ಕ?"

ಮಾತಿನಲ್ಲಿ ನ್ಯಾಯವಿತ್ತು. ಯರ್ರಿಸ್ವಾಮಿ ತಲೆಯಾಡಿಸಿ ಅಂಗಡಿಗೆ ಹೋದ.

ಅಂಗಡಿಯಲ್ಲಿ ಬೀಜ ಬಂದಿದ್ದ ರಟ್ಟಿನ ಡಬ್ಬವೊಂದನ್ನು ಹರಿದು, ಅದರ ಬೆನ್ನ ಮೇಲೆ ದಪ್ಪ ಪೆನ್ನಿನಿಂದ ಸೆಪ್ಟೆಂಬರಿನಿಂದ ಮುಂದಿನ ಆಗಸ್ಟಿನವರೆಗೆ ಹನ್ನೆರಡು ತಿಂಗಳನ್ನೂ ಬರೆದ. ಸೆಪ್ಟೆಂಬರಿಗೆ ಗೀಟು ಎಳೆದ. ಪಕ್ಕದ ಪಂಪ್‌ಸೆಟ್ ಅಂಗಡಿಯ ಚನ್ನಬಸವ ಅದನ್ನು ನೋಡಿ ಒಳಗೆ ಬಂದ.

"ಏನಲೇ ಯರ್ರಿ, ಕ್ಯಾಲೆಂಡರ್ ಛಾಪಿಸೋ ಧಂದೆ ಸುರು ಮಾಡಿಯೇನು?"

ವಿಷಯ ತಿಳಿದದ್ದೇ ಚನ್ನಬಸವ ಯರ್ರಿಸ್ವಾಮಿಯನ್ನು ತಬ್ಬಿಕೊಂಡು, ಆಮೇಲೆ ಬಾಗಿಲಿಗೆ ಹೋಗಿ ಬೀದಿಗೆ ಕೇಳಿಸುವಂತೆ ಸಾರಿದ. "ನಮ್ಮ ಯರ್ರಿ ಹಡಗು ಹತ್ತಾಕತ್ಯಾನ. ಕೊಟ್ಟೂರು ಬಜಾರದಾಗ ಇಲ್ಲೀತನ ಯಾರರ ಹತ್ಯಾರೇನು?"

ಯಾರೂ ಹತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಅಂಗಡಿಯ ಮುಂದೆ ಹದಿನೈದು ಜನ ಸೇರಿದರು. ಗೊಬ್ಬರದ ಚೀಲಗಳು ಸೋಫಾಗಳಾದವು. ಯರ್ರಿಸ್ವಾಮಿ ಹೆಮ್ಮೆಯಿಂದ ಎಲ್ಲರಿಗೂ ಚಹಾ ಹೇಳಿದ. ಹೇಳಿದ ಮೇಲೆ, ಸಲಹೆಗಾರರಿಗೆ ಚಹಾ ಕುಡಿಸಿದರೆ ಸಲಹೆ ಬೇಗ ಮುಗಿಯುವುದಿಲ್ಲ ಎಂಬುದು ಅವನಿಗೆ ಹೊಳೆಯಿತು.

"ನವಂಬರ್ ತಗಿ," ಎಂದ ಚನ್ನಬಸವ. "ಸೈಕ್ಲೋನ್ ಬರೋ ತಿಂಗಳು. ಟಿವ್ಯಾಗ ಚಕ್ಕುಲಿ ಸುತ್ತಿದಂಗ ಸುತ್ತತಿರತೈತಿ, ನೋಡಿಲ್ಲೇನು? ಜನವರಿನೂ ತಗಿ."

"ಜನವರಿಗೇನಾಗೈತಿ?"

"ನನ್ನ ಮಗಳ ಮದುವಿ. ಬಂದ ಬೀಗರನ್ನ ನೀ ಮುಂದ ನಿಂತು ಮಾತಾಡಸಲಿಲ್ಲಂದ್ರ ನಾ ಒಬ್ಬನ ಏನು ಮಾಡ್ಲಿ? ನೀ ಹಡಗಿನಾಗ ಕುಂತು ಗಾಳಿ ತಗೋ."

ಎರಡು ಗೀಟು ಬಿದ್ದವು. ಅಷ್ಟರಲ್ಲಿ ಗುಡೇಕೋಟೆಯ ಕನಕಮ್ಮ ಬೆಳೆಗೆ ಔಷಧಿ ಹೊಡೆಯುವ ಪಂಪಿನ ವಾಷರು ಕೊಳ್ಳಲು ಬಂದಳು. ಎಂಟು ಎಕರೆ ಒಣಭೂಮಿಯನ್ನು ಒಬ್ಬಳೇ ಮಾಡುವ ಗಟ್ಟಿ ಹೆಂಗಸು. ರಟ್ಟು ನೋಡಿ, ಸಂಗತಿ ಕೇಳಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಕ್ಟೋಬರದಾಗ ಹಿಂಗಾರಿ ಕಡ್ಲಿ ಬೀಜಕ್ಕ ಬರ್ತೀನಿ, ನೀ ಇರಬೇಕಣ್ಣಾ. ಜೂನದಾಗ ಶೇಂಗಾ ಬಿತ್ತಿಗಿ, ಜುಲೈದಾಗ ಯೂರಿಯಾ. ಅವಾಗೂ ಇರಬೇಕು. ನೀ ಓದಿ ಹೇಳದ ನಾ ಒಂದು ಕಾಳು ಬಿತ್ತಂಗಿಲ್ಲ ನೋಡು."

ಅವಳು ಗದರಿಸಿದ್ದರೆ ಯರ್ರಿಸ್ವಾಮಿ ವಾದ ಮಾಡುತ್ತಿದ್ದ. ಹೊಗಳಿಬಿಟ್ಟಳು. ಅವನು ಮೂರು ತಿಂಗಳನ್ನು ಒಂದೇ ಉಸಿರಿಗೆ ಹೊಡೆದುಹಾಕಿದ.

ಆಮೇಲೆ ಬೊಮ್ಮಪ್ಪಜ್ಜ ಬಂದ. ಎಂಬತ್ತು ವರ್ಷದ ಅಜ್ಜ. ನಲವತ್ತು ವರ್ಷ ಕೆರೆಯ ತೂಬು ಎತ್ತಿ ಇಳಿಸಿದವನು. ನೀರಿನ ವಿಷಯದಲ್ಲಿ ಅವನ ಮಾತನ್ನು ಕೊಟ್ಟೂರಿನಲ್ಲಿ ಯಾರೂ ದಾಟುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ರಟ್ಟನ್ನು ನೋಡಿದ.

"ಏಪ್ರಿಲ್, ಮೇ ಯಾಕ ಇಟ್ಟಿ?"

"ಬ್ಯಾಸಗಿಯಾಗ ಅಂಗಡಿ ಖಾಲಿ ಇರತೈತಿ, ಅದಕ್ಕ ಅಜ್ಜಾ."

"ಅಂಗಡಿ ಅಷ್ಟ ಅಲ್ಲಪ್ಪ, ಸಮುದ್ರನೂ ಖಾಲಿ ಇರತೈತಿ. ಬ್ಯಾಸಗಿಯಾಗ ಟಿ.ಬಿ. ಡ್ಯಾಮ ತಳ ಕಾಣತೈತಿ. ನಮ್ಮ ಕೆರಿಯಾಗ ಹುಡುಗ್ರು ಕ್ರಿಕೆಟ್ ಆಡ್ತಾವ. ಸಮುದ್ರಕ್ಕ ಎಲ್ಲಿಂದ ನೀರು ಬರಬೇಕು? ಹೊಳಿ ಹರಿದ್ರ ತಾನ? ಹಡಗು ಕೆಸರಿನಾಗ ಸಿಕ್ಕೊಂತು ಅಂದ್ರ ಜಗ್ಗಾಕ ಯಾವ ಟ್ರ್ಯಾಕ್ಟರ್ ಒಯ್ತೀ?"

ಗುಂಪಿನಲ್ಲಿ ಎಲ್ಲರೂ ಹೌದೆಂದು ತಲೆಯಾಡಿಸಿದರು. ಸಮುದ್ರ ಬತ್ತುವುದಿಲ್ಲ ಎಂದು ಯರ್ರಿಸ್ವಾಮಿಗೆ ಗೊತ್ತಿತ್ತು. ಆದರೆ ಯಾಕೆ ಬತ್ತುವುದಿಲ್ಲ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮೆಲ್ಲಗೆ ಫೋನು ತೆಗೆದು ಹುಡುಕಿದ. ಪ್ರಪಂಚದಲ್ಲೆಲ್ಲ ಸಮುದ್ರದ ಮಟ್ಟ ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎಂದಿತ್ತು. ಗೆದ್ದವನಂತೆ ಅದನ್ನು ಗಟ್ಟಿಯಾಗಿ ಓದಿದ.

ಅಜ್ಜ ಸ್ವಲ್ಪವೂ ಅಲುಗಲಿಲ್ಲ. "ಏರಾಕತ್ತೈತಲ್ಲ? ಹಂಗಾರ ಆಗಸ್ಟೂ ತಗಿ. ಏರಿದ ನೀರಿಗೆ ಮತ್ತ ಮಳಿ ಹೊಡದ್ರ ಕೋಡಿ ಬೀಳತೈತಿ. ಕೋಡಿ ಬಿದ್ದ ನೀರಿನ್ಯಾಗ ಶಾಣ್ಯಾ ಆದಾಂವ ತೆಪ್ಪ ಹಾಕಂಗಿಲ್ಲ."

ಏಪ್ರಿಲ್, ಮೇ, ಆಗಸ್ಟ್, ಮೂರೂ ಹೋದವು. ಓದಿದ್ದಕ್ಕೆ ಒಂದು ತಿಂಗಳು ದಂಡ ಬಿತ್ತಲ್ಲ ಎಂದು ಯರ್ರಿಸ್ವಾಮಿ ಫೋನನ್ನು ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ರಟ್ಟನ್ನು ಶಾಲೆ ಹುಡುಗರ ಪಾಟಿಯಂತೆ ಕಂಕುಳಲ್ಲಿಟ್ಟುಕೊಂಡು ಊಟಕ್ಕೆ ಮನೆಗೆ ಹೋದ. ಉಳಿದದ್ದು ಡಿಸೆಂಬರ್, ಫೆಬ್ರುವರಿ, ಮಾರ್ಚ್. ಮೈಲಮ್ಮ ಕೈ ತೊಳೆದು ಬಂದು ರಟ್ಟಿನ ಮುಂದೆ ಕೂತಳು.

"ಫೆಬ್ರವರಿಯಾಗ ಮೈಲಾರದ ಕಾರಣಿಕ. ಗೊರವಪ್ಪ ಬಿಲ್ಲು ಏರಿ ಏನು ಭವಿಷ್ಯ ನುಡೀತಾನೋ ಅದನ್ನ ಕೇಳದ ನಮ್ಮ ಮನಿ ಯಜಮಾನರು ಹೊಳಿ ಸೈತ ದಾಟಿಲ್ಲ. ನೀ ಸಮುದ್ರ ದಾಟ್ತೀಯಾ?"

"ಕೇಳಿಕೊಂಡು ಮಾರ್ಚಿಗೆ ಹೋಗ್ತೀನಿ ಬಿಡಬೇ."

"ಕೇಳಿದ ಕೂಡ್ಲೆ ತಿಳೀತೈತೇನು ಅದು? ಹೋದ ವರ್ಷದ್ದು ಮಳಿಗೆ ಹೇಳಿದ್ದೋ ರಾಜಕೀಯಕ್ಕ ಹೇಳಿದ್ದೋ ಅಂತ ಊರಾಗ ಇನ್ನೂ ಜಗಳ ನಡದೈತಿ. ಮಾರ್ಚ್ ಪೂರ್ತಿ ಅದಕ್ಕ ಬೇಕು."

ಯರ್ರಿಸ್ವಾಮಿ ಹೆಂಡತಿಯ ಕಡೆ ನೋಡಿದ. ಪುಷ್ಪಲತಾ ಮಜ್ಜಿಗೆ ಹಾಕುತ್ತ, "ನನ್ನೇನು ಕೇಳ್ತೀರಿ, ತಿಳದೋರನ್ನ ಕೇಳ್ರಿ," ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಸ್ವಲ್ಪ ಗಾಬರಿ ತಂದಿತು.

ನಾಲ್ಕು ಗಂಟೆಗೆ ಅವನು ಅಂಗಡಿಗೆ ತಿರುಗಿ ಬಂದಾಗ ಜನ ಇಮ್ಮಡಿಯಾಗಿದ್ದರು. ರಟ್ಟನ್ನು ಎತ್ತಿ ತೋರಿಸಿದ. ಹನ್ನೊಂದು ಗೀಟುಗಳ ನಡುವೆ ಡಿಸೆಂಬರ್ ಒಂದೇ, ಸುಗ್ಗಿ ಮುಗಿದ ಹೊಲದಲ್ಲಿ ಉಳಿದ ಒಂಟಿ ಜೋಳದ ತೆನೆಯಂತೆ ನಿಂತಿತ್ತು. ಬೊಮ್ಮಪ್ಪಜ್ಜನೂ ಒಪ್ಪಿದ. "ಮಳಿ ನಿಂತಿರತೈತಿ, ನೀರು ತಿಳಿಯಾಗಿರತೈತಿ. ಹೋಗಿ ಬಾರಪ್ಪ." ಜನ ಚಪ್ಪಾಳೆ ತಟ್ಟಿದರು. ಯರ್ರಿಸ್ವಾಮಿಯ ಕಣ್ಣು ತುಂಬಿ ಬಂತು.

ಚನ್ನಬಸವ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. "ಇನ್ನೊಂದು ಸುದ್ದಿ ಐತಿ. ಈಗ ತಾನ ನಮ್ಮ ವರ್ತಕರ ಸಂಘದಾಗ ಠರಾವು ಆತು. ಡಿಸೆಂಬರದಾಗ ರೈತರ ದಿನದ ಕಾರ್ಯಕ್ರಮದಾಗ ಯರ್ರಿಸ್ವಾಮಿಗೆ ಸನ್ಮಾನ. ಪೇಟ, ಶಾಲು, ಐದು ತಾಲೂಕಿನ ವರ್ತಕರ ಮುಂದ."

"ಯಾತಕ್ಕ?"

"ಹಡಗು ಹತ್ತೋದಕ್ಕ."

ಐದು ತಾಲೂಕು ಎಂದರೆ ಶ್ರೀನಾಥನೂ ಬರಬೇಕು. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಬೇಕು. ಯರ್ರಿಸ್ವಾಮಿಗೆ ಪೇಟದ ಭಾರ ಆಗಲೇ ತಲೆಯ ಮೇಲೆ ಕೂತಂತಾಯಿತು.

"ತಾರೀಖು ಇಪ್ಪತ್ತಮೂರು ತಾನ? ನಾ ತಿಂಗಳ ಮೊದಲಿಗೆ ಹೋಗಿ ಬಂದುಬಿಡ್ತೀನಿ."

"ಮಳ್ಳ ಅದೀಯೇನಲೇ? ಬಿಸಲಿಗೆ ಮುಖ ಕರ್ರಗಾಗಿ ಬರ್ತೀ, ಫೋಟೋ ಹೆಂಗ ಬರ್ತಾವ? ಅದೂ ಅಲ್ಲದ ತಿಂಗಳ ಪೂರ್ತಿ ಸಭಾ ಇರತಾವ. ಕಾರ್ಯಕ್ರಮದ ಜವಾಬ್ದಾರಿನೂ ನಿನಗ ಕೊಟ್ಟೈತಿ. ನಿನ್ನಂಗ ಕೆಲಸ ಯಾರು ಮಾಡ್ತಾರ?"

ಯರ್ರಿಸ್ವಾಮಿ ಅತ್ತಿತ್ತ ನೋಡಿದ. ಎಲ್ಲ ಮುಖಗಳೂ ಅವನ ಬಗ್ಗೆ ಹೆಮ್ಮೆಯಿಂದ ಹೊಳೆಯುತ್ತಿದ್ದವು. ಅವನ ಕೈ ತಾನಾಗಿ ಪೆನ್ನನ್ನು ಎತ್ತಿ ಡಿಸೆಂಬರಿನ ಮೇಲೆ ನೆಟ್ಟಗೆ ಗೀಟು ಎಳೆಯಿತು.

ಚಪ್ಪಾಳೆ ಇನ್ನೊಮ್ಮೆ ಆಯಿತು. ಅದು ನಿಂತ ಮೇಲೆ ಕನಕಮ್ಮ ರಟ್ಟನ್ನು ಬಗ್ಗಿ ನೋಡಿದಳು. ಬೆಳಿಗ್ಗೆ ವಾಷರು ಕೊಳ್ಳಲು ಬಂದವಳು, ಇದು ಎಲ್ಲಿ ಮುಟ್ಟುತ್ತದೆ ನೋಡಿಯೇ ಹೋಗೋಣ ಎಂದು ಎರಡು ಬಸ್ಸು ಬಿಟ್ಟಿದ್ದಳು.

"ಅಣ್ಣಾ, ಹಂಗಾರ ನೀ ಹೋಗೋದು ಯಾವಾಗ?"

ಗಡಿಯಾರ ನಾಲ್ಕೂ ನಲವತ್ತು ತೋರಿಸುತ್ತಿತ್ತು. ಯರ್ರಿಸ್ವಾಮಿ ಹನ್ನೆರಡು ಗೀಟುಗಳನ್ನೂ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಎಣಿಸಿದ. ಚನ್ನಬಸವ ಮದುವೆಯ ತಿಂಗಳು ಬಿಟ್ಟುಕೊಡಲೊಲ್ಲ, ಅಜ್ಜ ಸಮುದ್ರ ತುಂಬಿಸಲೊಲ್ಲ. ನಾಲ್ಕೂ ಐವತ್ತಾಯಿತು. ಕಣ್ಣು ಮುಚ್ಚಿದರೆ ಶ್ರೀನಾಥ ಹಡಗಿನ ಮೇಲೆ ಕರಿ ಕನ್ನಡಕ ಹಾಕಿಕೊಂಡು ನಿಂತಿದ್ದ.

ಏನಾದರಾಗಲಿ, ಬಾಯಿಗೆ ಬಂದ ತಿಂಗಳು ಹೇಳಿಬಿಡೋಣ ಎಂದು ಅಮರೇಶನಿಗೆ ಫೋನು ಹಚ್ಚಿದ. ಎಲ್ಲರಿಗೂ ಕೇಳಿಸಲಿ ಎಂದು ಚನ್ನಬಸವ ಸ್ಪೀಕರ್ ಒತ್ತಿದ.

"ಅಮರೇಶ್, ತಿಂಗಳು ಹೇಳಾಕ ಮಾಡಿದ್ನಿ..."

"ಅದು ಮುಂಜಾನೆ ಹತ್ತಕ್ಕ ಆಗೈತಲ್ರಿ ಸರ್. ಮೇಡಂ ಹೇಳ್ಯಾರ. ಡಿಸೆಂಬರ್ ಎರಡನೇ ವಾರ. ಹಡಗಿನ ಆಫೀಸಿಗೆ ತಾವ ಫೋನ್ ಮಾಡಿ, ಅಲೆ ಕಮ್ಮಿ ಯಾವಾಗ ಇರತಾವಂತ ಕೇಳಿಕೊಂಡು ಹೇಳಿದ್ರು. ಟಿಕೆಟ್ಟೂ ಆದ್ವು."

ಗುಂಪು ದೊಡ್ಡದಾಗಿ ಉಸಿರು ಬಿಟ್ಟಿತು. ಶ್ರೀನಾಥ ಹಡಗಿನಿಂದ ಇಳಿದ. ಯರ್ರಿಸ್ವಾಮಿ ಎದೆ ಮುಟ್ಟಿಕೊಂಡು ನಕ್ಕ. "ನೋಡ್ರಿ, ಹೆಂಡತಿ ಅಂದ್ರ ಹಿಂಗಿರಬೇಕು. ಚನ್ನಬಸವಾ, ಸನ್ಮಾನ ಒಂದಿಟು ಮುಂದ ಹಾಕೋ. ಅಮರೇಶ್, ಟಿಕೆಟ್ಟಿನಾಗ ನನ್ನ ಹೆಸರಿನ ಸ್ಪೆಲ್ಲಿಂಗ್ ಸರಿ ಐತಿಲ್ಲ ನೋಡಪ್ಪ."

"ನಿಮ್ಮ ಹೆಸರು ಇಲ್ರಿ ಸರ್."

"ಹಂಗಂದ್ರ?"

"ಅಂಗಡಿ ಲೈಸೆನ್ಸ್ ಇರೋದು ಮೇಡಂ ಹೆಸರಿನಾಗ್ರಿ. ಬೀಜ-ಗೊಬ್ಬರದ ಕೋರ್ಸ್ ಪಾಸಾದೋರು ಅವರು, ಮಾಲಕರು ಅವರು. ಬಹುಮಾನ ಮಾಲಕರಿಗೆ, ಜತಿಗೆ ಅವರಿಗೆ ಬೇಕಾದೋರು ಒಬ್ಬರಿಗೆ. ಪುಷ್ಪಲತಾ, ಮೈಲಮ್ಮ ಅಂತ ಎರಡು ಟಿಕೆಟ್ ಆಗ್ಯಾವ." ಅಮರೇಶ ದನಿ ತಗ್ಗಿಸಿದ. "ನಾ ಕೇಳಿದ್ನಿರಿ ಸರ್, ಯಜಮಾನ್ರು ಬರಂಗಿಲ್ಲೇನು ಅಂತ. ಅವರಿಗೆ ಯಾವ ತಿಂಗಳೂ ಪುರಸೊತ್ತಿಲ್ಲ ಅಂದ್ರು. ತಪ್ಪಾತೇನ್ರಿ?"

ಇಡೀ ಗುಂಪು ರಟ್ಟನ್ನು ನೋಡಿತು. ಹನ್ನೆರಡು ತಿಂಗಳೂ ಅಲ್ಲಿದ್ದವು. ಒಂದರಲ್ಲೂ ಯರ್ರಿಸ್ವಾಮಿಗೆ ಪುರಸೊತ್ತಿಲ್ಲ ಎನ್ನುವುದಕ್ಕೆ ಮೂವತ್ತು ಜನ ಸಾಕ್ಷಿಗಳಿದ್ದರು. ಬೊಮ್ಮಪ್ಪಜ್ಜ ಮೆಲ್ಲಗೆ ಫೋನಿನ ಕಡೆ ಬಗ್ಗಿ, "ತಪ್ಪೇನಿಲ್ಲಪ್ಪ, ಖರೇ ಐತಿ," ಎಂದ.

ಯರ್ರಿಸ್ವಾಮಿ ಅಂಗಡಿ ಬಿಟ್ಟು ಮನೆಗೆ ಓಡಿದ. ಜಗಲಿಯ ಮೇಲೆ ಮೈಲಮ್ಮ ಎಲೆ ಮೆಲ್ಲುತ್ತ ಕೂತಿದ್ದಳು.

"ಯವ್ವಾ, ಕಾರಣಿಕ ಕೇಳದ ಹೊಳಿ ಸೈತ ದಾಟಂಗಿಲ್ಲ ಅಂದಿದ್ದೆಲ್ಲ ನೀನು?"

"ಮನಿ ಯಜಮಾನರು ದಾಟಂಗಿಲ್ಲ ಅಂದೆ. ನನಗೆಲ್ಲೈತಪ್ಪ ಯಜಮಾನಿಕಿ?" ಎಂದಳು ಮೈಲಮ್ಮ ಶಾಂತವಾಗಿ. "ಡಿಸೆಂಬರಿಗೆ ನಾ ಏನರ ಅಂದೆನೇನು? ನೀನ ಗೀಟು ಹಾಕಿದಿ ಅಂತ ಈಗ ಫೋನ್ ಬಂತು."

ಅಷ್ಟರಲ್ಲಿ ಯರ್ರಿಸ್ವಾಮಿಯ ಜೇಬಿನ ಫೋನು ಹೊಡೆದುಕೊಂಡಿತು. ಸುದ್ದಿ ಆಗಲೇ ವರ್ತಕರ ವಾಟ್ಸಾಪ್ ಗುಂಪಿಗೆ ಮುಟ್ಟಿತ್ತು; ಕೂಡ್ಲಿಗಿಯಿಂದ ಶ್ರೀನಾಥ.

"ಕಂಗ್ರಾಟ್ಸಪಾ ಯರ್ರಿಸ್ವಾಮಿ. ನಿಮ್ಮ ಮನಿಯಾಗ ಹೆಣ್ಣಮಕ್ಕಳು ಹಡಗು ಹತ್ತಾಕತ್ಯಾರಂತ? ಮತ್ತ ನೀ?"

ಯರ್ರಿಸ್ವಾಮಿ ಒಳಗೆ ನೋಡಿದ. ಪುಷ್ಪಲತಾ ಟ್ರಂಕಿನಿಂದ ಒಂದು ನೀಲಿ ಸೀರೆ ತೆಗೆದು, ಮಡಿಕೆ ಬಿಡಿಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಹಿಂಗಾರಿ, ಮುಂಗಾರಿ ಅಂತ ಅವಳು ತವರಿಗೂ ನಾಲ್ಕು ದಿನ ಹೋಗಿ ಉಳಿದವಳಲ್ಲ. ಅವನಿಗೆ ಹೊಟ್ಟೆಯಲ್ಲಿ ಉರಿಯೂ ಎದೆಯಲ್ಲಿ ಹಿಗ್ಗೂ ಒಟ್ಟಿಗೇ ಎದ್ದವು. ಹಿಗ್ಗೇ ಸ್ವಲ್ಪ ಜಾಸ್ತಿಯಿತ್ತು.

"ಐದು ತಾಲೂಕಿಗೆ ಫಸ್ಟ್ ಬಂದ ಅಂಗಡಿಯಪಾ. ಬಿಟ್ಟು ಹೋಗಾಕ ಹೆಂಗ ಬರ್ತೈತಿ? ಅದಕ್ಕ ಮಾಲಕರನ್ನ ಕಳಸಾಕತ್ತೀನಿ. ನನಗ ವರ್ಷದಾಗ ಒಂದು ತಿಂಗಳೂ ಪುರಸೊತ್ತಿಲ್ಲ."

ಫೋನು ಇಟ್ಟು, ಎದೆ ಉಬ್ಬಿಸಿಕೊಂಡು ಒಳಗೆ ಬಂದ. ಪುಷ್ಪಲತಾ ಸೀರೆ ಮಡಚಿಟ್ಟು, ಅಡುಗೆಮನೆಯಿಂದ ಹಿಟ್ಟಿನ ಪರಾತ ತಂದು ಅವನ ಮುಂದಿಟ್ಟಳು.

"ಕುಂದರ್ರಿ. ಐದು ದಿನ ನಿಮಗ ಉಣ್ಣಾಕ ಹಾಕೋರು ಯಾರೂ ಇರಂಗಿಲ್ಲ. ಇವತ್ತಿಂದ ರೊಟ್ಟಿ ಬಡಿಯಾಕ ಕಲತ್ರ ಡಿಸೆಂಬರಿನೊಳಗ ಒಂದಿಟು ದುಂಡಗರ ಬಂದಾವು."