ಮಾವನವರ ಬ್ಯಾನರಿನ ಶಬ್ದಕ್ಕೆ ಬೇರೆ ಅರ್ಥ ಮಂಜೂರು ಮಾಡುವ ಬಗ್ಗೆ

ಇಂದ:
ಭರತ, ಇಂಗ್ಲಿಷ್ ಎಂ.ಎ., ಅತಿಥಿ ಉಪನ್ಯಾಸಕ, ಅಥಣಿ (ಇನ್ನು ಮುಂದೆ ‘ಅರ್ಜಿದಾರ’)

ಗೆ:
ಮುಖ್ಯಾಧಿಕಾರಿಗಳು, ಇಂಗ್ಲಿಷ್ ಶಬ್ದಾರ್ಥ ತಿದ್ದುಪಡಿ ವಿಭಾಗ, ಎಲ್ಲಿದ್ದರೆ ಅಲ್ಲಿಗೆ

ವಿಷಯ: ‘ಅಲ್ಟ್ರಾಕ್ರೆಪಿಡೇರಿಯನ್’ ಶಬ್ದದ ಅರ್ಥವನ್ನು ಸೋಮವಾರದೊಳಗೆ ಬದಲಿಸುವ ಕುರಿತು.

ಉಲ್ಲೇಖ: ಕೊಕಟನೂರ ಬಸ್ ನಿಲ್ದಾಣದ ಎದುರಿನ ಬ್ಯಾನರ್.

ಮಾನ್ಯರೇ,

ಅರ್ಜಿದಾರನ ಮದುವೆಯು ಕೊಕಟನೂರಿನ ದ್ರಾಕ್ಷಿ ಬೆಳೆಗಾರ ಬಾಬಾಸಾಹೇಬರ ಮಗಳು ಉಜ್ವಲಾಳೊಂದಿಗೆ ನಿಶ್ಚಯವಾಗಿರುತ್ತದೆ.

೧. ಸದರಿ ಭಾವಿ ಮಾವನವರು ದನದ ಡಾಕ್ಟರಿಗೆ ಸೂಜಿ ಎಲ್ಲಿ ಚುಚ್ಚಬೇಕೆಂದೂ, ಬಸ್ ಡ್ರೈವರಿಗೆ ಗೇರು ಯಾವಾಗ ಬದಲಿಸಬೇಕೆಂದೂ ಹೇಳಿಕೊಡುವವರಾಗಿರುತ್ತಾರೆ. ಅವರ ಹುಟ್ಟುಹಬ್ಬಕ್ಕೆ ಊರ ಪದ್ಧತಿಯಂತೆ ಬ್ಯಾನರ್ ಕಟ್ಟುವುದಿದ್ದ ಕಾರಣ, “ಅಳಿಯಂದ್ರ, ಯುವ ನಾಯಕ, ಧಣಿ ಎಲ್ಲಾ ಹಳೇದಾತ್ರಿ. ಯಾರ ಹೆಸರಿನ ಕೆಳಗೂ ಇರದಂಥಾ ಒಂದು ಭಾರಿ ಇಂಗ್ಲಿಷ್ ಬಿರುದು ಕೊಡ್ರಿ” ಎಂದರು.

೨. ಅರ್ಜಿದಾರನಿಗೆ ಕಾಲೇಜಿನಿಂದಲೂ ಕಿಡಿಗೇಡಿತನದ ಬಾಧೆ ಇರುವ ಕಾರಣ ಸದರಿ ಶಬ್ದ ಬರೆದುಕೊಟ್ಟನು. ಅರ್ಥ: ತನಗೆ ತಿಳಿಯದ ವಿಷಯದಲ್ಲಿ ತೀರ್ಪು ಕೊಡುವವನು. ಬಳಕೆ: ಇಂಗ್ಲೆಂಡಿನಲ್ಲಿ ವಿರಳ. ಅಗತ್ಯ: ಕೊಕಟನೂರಿನಲ್ಲಿ ದಿನಾಲೂ.

೩. ಮಾವನವರು ಅರ್ಥ ಕೇಳಲಿಲ್ಲ. ತಾವೇ ಊರಿಗೆಲ್ಲ ಹೇಳತೊಡಗಿದರು: “ಸರ್ವ ವಿಷಯದಾಗ ಪಂಡಿತ ಅಂತ ಅದರ ಅರ್ಥ, ತಿಳೀತಿಲ್ಲೋ?”

೪. ಸೋಮವಾರ ಪುಣೆಯಿಂದ ಉಜ್ವಲಾಳ ಸೋದರಮಾವ, ಇಂಗ್ಲಿಷ್ ಪ್ರೊಫೆಸರ್ ಜ್ಞಾನದೇವ ಬರುತ್ತಿದ್ದಾರೆ. ಬಸ್ ಇಳಿದೊಡನೆ ಬ್ಯಾನರ್ ಕಾಣುತ್ತದೆ. ಆದ್ದರಿಂದ ಮದುವೆ ಮುರಿಯುವ ಸಂಭವವಿರುತ್ತದೆ.

೫. ಅರ್ಜಿದಾರನು ಉಜ್ವಲಾಳಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡನು.

“ಬ್ಯಾನರ್ ಕಟ್ಟಿದ ದಿನಾನ ನಾ ಅದರ ಅರ್ಥ ಮೊಬೈಲ್‌ನ್ಯಾಗ ನೋಡೀನ್ರಿ” ಎಂದಳು.

“ಮತ್ತ ಯಾಕ ಹೇಳ್ಲಿಲ್ಲ?”

“ಶಬ್ದ ಬರೋಬ್ಬರಿ ಐತಲ್ರಿ! ಆದ್ರ ದ್ರಾಕ್ಷಿ ಬಳ್ಳಿ ಹ್ಯಾಂಗ ಕತ್ತರಿಸಬೇಕಂತ ಹೋದ ವಾರ ನಮ್ಮಪ್ಪಗ ಅರ್ಧಾ ತಾಸು ಹೇಳಿದ್ರಲ್ಲ, ನೀವು ಎಂದಾದ್ರೂ ಕತ್ರಿ ಹಿಡದೀರೇನು?”

ಅರ್ಜಿದಾರನು ಹಿಡಿದಿರುವುದಿಲ್ಲ.

“ಆ ಬಿರುದಿಗೆ ಅಪ್ಪ ಭಾಳ ಖುಷಿ ಆಗ್ಯಾನ. ಲಗ್ನಪತ್ರಿಕೆ ಛಾಪಾ ಆಗಿ ಬಂದೈತಿ, ನಿಮ್ಮ ಹೆಸರಿನ ಕೆಳಗ ನೋಡ್ರಿ.”

ನೋಡಲಾಗಿ, ‘ಜೂನಿಯರ್ ಅಲ್ಟ್ರಾಕ್ರೆಪಿಡೇರಿಯನ್’ ಎಂದಿರುತ್ತದೆ.

ಆದ್ದರಿಂದ ಮಾವನವರು ಹೇಳಿದ ಅರ್ಥವನ್ನೇ ಅಧಿಕೃತವೆಂದು ಘೋಷಿಸಬೇಕು. ಆಗದಿದ್ದಲ್ಲಿ ನಿಘಂಟಿನ ಸದರಿ ಪುಟವನ್ನು ಅಕ್ಷತೆ ಬೀಳುವವರೆಗೆ ಅಂಟಿಸಿಡಬೇಕು.

ತಮ್ಮ ಭಾವಿ ವಿಶ್ವಾಸಿ,
ಭರತ

ಲಗತ್ತು: ಬ್ಯಾನರಿನ ಫೋಟೋ, ಲಗ್ನಪತ್ರಿಕೆ, ಕತ್ತರಿ ಒಂದು (ಉಜ್ವಲಾ ಕಳಿಸಿದ್ದು, ಹೊಸದು).

ವಿ.ಸೂ.: ಎರಡೂ ಆಗದಿದ್ದಲ್ಲಿ, ಶಬ್ದದ ಮುಂದೆ ಉದಾಹರಣೆಯಾಗಿ ಅರ್ಜಿದಾರನ ಹೆಸರೊಂದನ್ನೇ ಬರೆಯಬೇಕಾಗಿ ವಿನಂತಿ. ಮಾವನವರಿಗೆ ದ್ರಾಕ್ಷಿಯಾದರೂ ಗೊತ್ತಿರುತ್ತದೆ.