ಸೊಸಿ ಯಾಕ ಕೆಮ್ಮವಲ್ಲಳು

ಉಟ್ಕೂರಿನ ಶೇಖಮ್ಮಗ ಇದ್ದದ್ದು ಒಂದ ಚಿಂತಿ, ಸೊಸಿ ಕೆಮ್ಮವಲ್ಲಳು ಅನ್ನೋದು.

ಸೊಸಿ ಕಾವ್ಯಗ ಏಳು ತಿಂಗಳು. ಹೋದ ಸಲದ ಬಸಿರು ಐದರಾಗ ಕಳೆದುಹೋಗಿತ್ತು. ಆ ಮಾತು ಮನಿಯಾಗ ಯಾರೂ ಎತ್ತುತ್ತಿರಲಿಲ್ಲ. ಈ ಸಲ ಮಕ್ತಲ್ ಡಾಕ್ಟರಮ್ಮ, "ಬಿ.ಪಿ. ಏರೇತಿ, ಈಕೀಗೆ ಟೆನ್ಶನ್ ಕೊಡಬ್ಯಾಡ್ರಿ" ಅಂದಳು. ಅಂದಿನಿಂದ ಟೆನ್ಶನ್ ಎಂಬ ಮಹಾಶತ್ರುವಿನ ಮ್ಯಾಲ ಶೇಖಮ್ಮ ದಂಡೆತ್ತಿ ನಿಂತಳು. ಮಿಕ್ಸಿ ಬಂದ್, ಟಿ.ವಿ. ಬಂದ್. ಮಾತಾಡಿಸಾಕ ಬಂದ ಓಣಿ ಹೆಂಗಸರು ಹೊಸ್ತಿಲ ಆಚೀಗೆ. ಸೊಸಿ ಚೂರು ಕಣ್ಣು ಮುಚ್ಚಿದರ ಅಲುಗಾಡಿಸಿ ಕೇಳಾಕಿ, "ಕಾವ್ಯಾ, ಟೆನ್ಶನ್ ಇಲ್ಲಲ್ಲವಾ?"

ಸಂಜೀಕ ಸೊಸಿ ಹಣಿಗೆ ಬೀರಪ್ಪನ ಗುಡಿ ಅರಿಶಿನ ಭಂಡಾರ ಹಚ್ಚಿ ದೃಷ್ಟಿ ತೆಗೆಯೋದು. ಒಣ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕ ಹಾಕಿದಾಗ ಘಾಟು ಬಂದರ ಏನೂ ಇಲ್ಲ. ಬರಲಿಲ್ಲಂದರ ದೃಷ್ಟಿ ತಾಗೇತಿ ಅಂತ ಲೆಕ್ಕ. (ನಶ್ಯ ಏರಿಸಿ ಏರಿಸಿ ಶೇಖಮ್ಮನ ಮೂಗು, ಗಂಟಲು ಎಂದೋ ರಾಜೀನಾಮೆ ಕೊಟ್ಟಿದ್ದವು. ಘಾಟಿಗೆ ಸೊಸಿ ಕೆಮ್ಮೇ ಸಾಕ್ಷಿ.) ಸೊಸಿ ಕೆಮ್ಮಲಿಲ್ಲ. ಮರುದಿನ ಮೆಣಸಿನಕಾಯಿ ಹೆಚ್ಚಾದವು. ಕಾವ್ಯನ ಕಣ್ಣಾಗ ನೀರು ಸುರೀತು, ಕೆಮ್ಮು ಬರಲಿಲ್ಲ. "ಎಂಥಾ ಕೆಟ್ಟ ಕಣ್ಣು ಬಿದ್ದೈತೋ" ಅಂತ ಶೇಖಮ್ಮಗ ರೊಟ್ಟಿ ಗಂಟಲಾಗ ಇಳಿಯದಂಗಾತು.

ಸೋಮವಾರ ಮಗ ಹನುಮಂತು ಇಬ್ಬರನ್ನೂ ಆಟೋದಾಗ ಮಕ್ತಲಿಗೆ ಕರಕೊಂಡು ಹೋದ. ಕಾವ್ಯನ ಬಿ.ಪಿ. ಇನ್ನೂ ಮ್ಯಾಲೇರಿತ್ತು.

"ಮನಿಯಾಗ ಏನ್ ನಡದೈತವಾ?" ಡಾಕ್ಟರಮ್ಮ ಕೇಳಿದಳು.

ಕಾವ್ಯ ನೆಲ ನೋಡಿದಳು. "ಅತ್ತಿ ನನ್ನ ನೋಡಿ ಅಂಜತಾರ್ರಿ. ಅವರ ಮುಖ ನೋಡಿ ನನಗ ನಿದ್ದಿ ಬರವಲ್ದು. ದಿನಾ ಆ ಘಾಟು ಬ್ಯಾರೆ."

"ಘಾಟು ಬರತಿತ್ತಾ?" ಶೇಖಮ್ಮ ನಡುವ ಬಾಯಿ ಹಾಕಿದಳು. "ಮತ್ತ ಯಾಕ ಕೆಮ್ಮಲಿಲ್ಲ?"

"ಕೆಮ್ಮಿದರ ಹೊಟ್ಟಿ ಅಲುಗಿ ಈ ಕೂಸಿಗೂ ಏನರ ಆದೀತಂತ, ನೀವು ಕೆಂಡದ ಕಡೆ ತಿರುಗಿದಾಗ ಸೆರಗು ಬಾಯಿಗೆ ತುರುಕ್ಕೊಂಡು ಕುಂದರತಿದ್ದೆ ಅತ್ತಿ."

ಶೇಖಮ್ಮ ಸೊಸಿ ಹೊಟ್ಟಿ ಸವರಾಕ ಕೈ ಚಾಚಿದಳು. ಡಾಕ್ಟರಮ್ಮ ಆ ಕೈಗೇ ಬಿ.ಪಿ. ಪಟ್ಟಿ ಸುತ್ತಿ ನೋಡಿದಳು. ಸೊಸಿಗಿಂತ ಅತ್ತೀದು ಮ್ಯಾಲ.

"ಅಮ್ಮಾ, ರಾತ್ರಿ ನಿದ್ರ ಪಡ್ತುಂದಾ, ನಿದ್ದಿ ಬರತೈತಾ?" ಡಾಕ್ಟರಮ್ಮ ತೆಲುಗು ಬೆರೆಸಿ ಕೇಳಿದಳು.

"ಹ್ಯಾಂಗ ಮಲಗಲಿರಿ? ಆಕೀ ಉಸಿರು ಕಾಯಬೇಕಲ್ಲ."

ಇಬ್ಬರಿಗೂ ಗುಳಿಗಿ, ಇಬ್ಬರಿಗೂ ಉಪ್ಪು ಕಡಿಮಿ. ಮನಿಯಾಗ ಹಾಸಿಗಿ ಎರಡು ಬಿದ್ದವು. ದಂಡನಾಯಕಿಯೇ ಮಲಗಿದ ಮ್ಯಾಲ ಮಿಕ್ಸಿ ಮತ್ತ ತಿರುಗಿತು. ಸಂಜೀಕ ಕಾವ್ಯ ಮೆಲ್ಲಕ ಎದ್ದು, ಅತ್ತಿಗೆ ಮೆಣಸಿನಕಾಯಿ ನಿವಾಳಿಸಿ ಒಲಿ ಕಡೆ ತಿರುಗಿದಳು.

ಕೂಸಿನ ತಾಯಿಗೆ ತನ್ನ ಚಿಂತಿ ಹತ್ತಬಾರದಂತ ಶೇಖಮ್ಮ ಎದಿ ಹಿಡಕೊಂಡು ಜೋರಾಗಿ ಕೆಮ್ಮಿದಳು. "ಏನ್ ಘಾಟವಾ ಇದು. ನನಗ ಏನೂ ಆಗಿಲ್ಲ ನೋಡು."

ಕಾವ್ಯ ಮುಷ್ಟಿ ಬಿಚ್ಚಿ ತೋರಿಸಿದಳು.

"ಮೆಣಸಿನಕಾಯಿ ಇನ್ನೂ ನನ್ನ ಕೈಯಾಗ ಅದಾವ್ರಿ ಅತ್ತಿ."